ಯರ್ರಮ್ಮನ ಕಿವಿಗೆ ಬೀಳುವ ಹಾಗೆ

ಕಾರಿನ ಸೀಟು ಹೊಲಿಯುವುದರಲ್ಲಿ ಚಳ್ಳಕೆರೆಯ ಮಹಾಂತೇಶನನ್ನು ಮೀರಿಸುವವರಿರಲಿಲ್ಲ. ಅವನಿಗಿದ್ದದ್ದು ಒಂದೇ ರೋಗ: ‘ಗೊತ್ತಿಲ್ಲ’ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ.

ಮೊಳಕಾಲ್ಮೂರಿನ ನೇಕಾರ ಬೊಮ್ಮಲಿಂಗಪ್ಪ ತಮ್ಮ ಹಳೇ ಅಂಬಾಸಿಡರ್ ತಂದು ನಿಲ್ಲಿಸಿದರು. “ನಮ್ಮನೆಯಾಕೆ ಯರ್ರಮ್ಮಂಗೆ ಕಿವಿ ಮಂದ ಆಗೈತೆ ಕಣಪ್ಪ. ಈ ಗಾಡಿ ಗಡಗಡದಾಗೆ ನಾನು ಹೇಳಿದ್ದು ಒಂದೂ ಕೇಳಲ್ಲ. ತಗಡಿಗೆ ಒಳಗಿಂದ ಅಂಟಿಸೋ, ಸದ್ದು ಕಮ್ಮಿ ಮಾಡೋ ಶೀಟು ಬರ್ತಾವಂತಲ್ಲ, ನಿಂಗೆ ಗೊತ್ತಾ?”

“ಬೇಜಾನ್ ಹಾಕೀನಿ ಬಿಡ್ರಿ ಯಜಮಾನ್ರೇ” ಎಂದುಬಿಟ್ಟ. ಒಂದು ಕಾರಿಗೂ ಹಾಕಿರಲಿಲ್ಲ, ಪುಣ್ಯಾತ್ಮ! ಮೊಬೈಲಿನಲ್ಲಿ ವಿಡಿಯೊ ನೋಡಿದ. ಅದರಲ್ಲಿದ್ದ ಕಪ್ಪು ಶೀಟೂ, ಮನೆ ತಾರಸಿ ಸೋರದಂತೆ ಅಂಟಿಸುವ ಡಾಂಬರು ಶೀಟೂ ಒಂದೇ ಅಂತ ಅವನೆಣಿಕೆ. ಯಾರನ್ನಾದರೂ ಕೇಳಿದರೆ ಮರ್ಯಾದೆ ಏನಾಗಬೇಕು? ನೆಲಕ್ಕೆ, ಬಾಗಿಲಿಗೆ, ನೆತ್ತಿಯ ತಗಡಿಗೆ ಒಳಗಿನಿಂದ ಅದನ್ನೇ ಅಂಟಿಸಿ ಮೇಲೆ ಬಟ್ಟೆ ಬಿಗಿದ. ಗಾಡಿಯ ಸದ್ದು ನಿಜಕ್ಕೂ ಅಡಗಿತು. ಹೆಂಡತಿ ಜೊತೆ ಮಾತಾಡಿಕೊಂಡೇ ಸಂತೆಗೆ ಹೋಗಿಬಂದೆ ಅಂತ ಬೊಮ್ಮಲಿಂಗಪ್ಪ ಫೋನು ಮಾಡಿ ಹರಸಿದರು.

ಏಪ್ರಿಲ್ ಬಿಸಿಲಿಗೆ ನೆತ್ತಿಯ ಡಾಂಬರು ಕರಗಿ ಬಟ್ಟೆಯಿಂದ ಜಿನುಗಿತು. ಮದುವೆಗೆ ಹೊರಟು ಕಾರಿನಲ್ಲಿ ಕೂತಿದ್ದ ಯರ್ರಮ್ಮನ ಮಡಿಲಿಗೆ, ಆಕೆಯೇ ಕೈಯಾರೆ ನೇಯ್ದು ಜೋಪಾನ ಮಾಡಿದ್ದ ರೇಷ್ಮೆ ಸೀರೆಯ ಮೇಲೆ, ತೊಟ್ಟು ತೊಟ್ಟಾಗಿ ಇಳಿಯಿತು. ಬೊಮ್ಮಲಿಂಗಪ್ಪ ಬೈಯಲೂ ಇಲ್ಲ, ಹೀಗ್ಯಾಕಾಯ್ತಪ್ಪ ಅಂತ ಫೋನಿನಲ್ಲಿ ಕೇಳಿದರಷ್ಟೆ. “ಬಿಸಿಲಾಗೆ ನಿಲ್ಸಿದ್ರಾ? ಅದ್ಕೇ ಮತ್ತೆ!” ಅಂದ ಮಹಾಂತೇಶ. ಬಿಸಿಲಲ್ಲದೆ ಈ ಸೀಮೆಯಲ್ಲಿ ಇನ್ನೆಲ್ಲಿ ನಿಲ್ಲಿಸಬೇಕಿತ್ತೋ!

ಹದಿನೈದು ದಿನ ಅವನಿಗೆ ಅನ್ನ ಸೇರಲಿಲ್ಲ. ಕೊನೆಗೆ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದ. ಓಣಿಯ ತುಂಬ ಮಗ್ಗದ ಸದ್ದು. ಜಗಲಿಯ ಈ ತುದಿಗೆ ಯರ್ರಮ್ಮ, ಆ ತುದಿಗೆ ತಲೆ ತಗ್ಗಿಸಿ ಕೂತ ಬೊಮ್ಮಲಿಂಗಪ್ಪ.

“ಬಾಪ್ಪ. ನಿಂದೇನೂ ತಪ್ಪಿಲ್ಲ” ಅಂದರು ಯರ್ರಮ್ಮ. “ಬಿಸಿಲಾಗೆ ನಿಲ್ಲಿಸ್ಬ್ಯಾಡ್ರಿ ಅಂತ ನೀನು ಮೊದ್ಲೇ ಹೇಳಿದ್ಯಂತೆ. ಇವ್ರೇ ಕೇಳ್ಲಿಲ್ಲಂತೆ. ಅವತ್ತಿಂದ ಇವ್ರ ಕೂಡೆ ಮಾತೇ ಬಿಟ್ಟೀನಿ.”

ಹಾಗಂತ ಅವನು ಹೇಳಿಯೇ ಇರಲಿಲ್ಲ. ಮುದುಕರು ತಪ್ಪನ್ನು ತಾವಾಗಿ ತಲೆ ಮೇಲೆ ಹೊತ್ತುಕೊಂಡಿದ್ದರು. ಮಹಾಂತೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ತಪ್ಪು ನಂದೇ ಅಮ್ಮಾ” ಎಂದು ಗೊಣಗಿದ.

“ಏಮಿ? ಜೋರಾಗಿ ಹೇಳಪ್ಪ.”

ಇನ್ನೊಂದು ಸಲ ಹೇಳಿದ. ಅದೂ ಕೇಳಲಿಲ್ಲ. ಇಂಥ ನಾಚಿಕೆಗೇಡನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಕಣ್ಣು ಮುಚ್ಚಿಕೊಂಡು ಕೂಗಿದ: “ನಂಗೆ ಈ ಕೆಲ್ಸ ಗೊತ್ತೇ ಇರ್ಲಿಲ್ಲಮ್ಮಾ! ತಾರಸಿ ಶೀಟು ಅಂಟಿಸ್ದೆ! ಯಜಮಾನ್ರ ಮೇಲೆ ಎತ್ತಾಕ್ದೆ!”

ಮಗ್ಗಗಳು ಒಂದೊಂದಾಗಿ ನಿಂತವು. ಬಾಗಿಲು ಬಾಗಿಲಲ್ಲಿ ಜನ ಕಾಣಿಸಿಕೊಂಡರು.

ಯರ್ರಮ್ಮ ಗಂಡನ ಕಡೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗೆ ಹೇಳಿದ್ದು ಸಾಕು. ಇವ್ರಿಗೆ ಹೇಳು” ಅಂದರು.

ಮಹಾಂತೇಶ ಬೊಮ್ಮಲಿಂಗಪ್ಪನವರ ಕಡೆ ತಿರುಗಿದ. ಇಲ್ಲಿ ಕೂಗಬೇಕಾಗಿರಲಿಲ್ಲ, ಮೆಲ್ಲಗೆ ‘ತಪ್ಪಾಯ್ತು’ ಅಂದರೂ ಸಾಕಿತ್ತು. ಓಣಿಗೆಲ್ಲ ಕೇಳುವಂತೆ ಕೂಗಿದ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ.