ಹೊತ್ತವರ ಹೆಜ್ಜೆ

ಮೂರನೆಯ ಸಲವೂ ಕಬ್ಬಿಣದ ಸಲಾಕೆ ಗೇಣುದ್ದ ಇಳಿದು ಗಟ್ಟಿ ನೆಲಕ್ಕೆ ತಾಗಿ ನಿಂತಿತು. ಕೌಂಟಿಯ ಸರ್ವೆಯವನು ಪ್ರೂಯಿಟ್ ಅದನ್ನು ಕಿತ್ತು, ತುದಿಯ ಮರಳನ್ನು ಪ್ಯಾಂಟಿಗೆ ಒರೆಸಿದ.

"ಇಲ್ಲೂ ಅಗೆದ ಮಣ್ಣಲ್ಲ ಮೇಡಂ. ಒಂದ್ಸಲ ಅಗೆದು ಮುಚ್ಚಿದ್ರೆ ಇನ್ನೂರು ವರ್ಷ ಆದ್ರೂ ಅದು ಸಡಿಲವಾಗೇ ಇರುತ್ತೆ, ಸಲಾಕೆ ತಾನಾಗಿ ಇಳಿಯುತ್ತೆ. ಮಧ್ಯಾಹ್ನದ ಕೌಂಟಿ ಸಭೆಗೆ ನಾನು ವರದಿ ಕೊಡ್ಬೇಕು."

ಡೆಲ್ಫೀನ್ ಚಿಸಮ್ ಸಲಾಕೆ ಬಿಟ್ಟ ತೂತನ್ನು ಕಾಲಿನಿಂದ ಮುಚ್ಚಿದಳು. ಗುಲಾಮರಾಗಿದ್ದ ಹಿರೀಕರ ಗೋರಿಗಳು ಇಲ್ಲಿಲ್ಲ ಎಂದು ಅವನು ಬರೆದರೆ ದ್ವೀಪದ ಈ ಅಂಚು ಹೋಟೆಲಿನ ಕಾರು ನಿಲ್ಲಿಸುವ ಬಯಲಾಗುತ್ತದೆ. ಹೋದ ತಿಂಗಳ ಸಭೆಯಲ್ಲಿ ಸದಸ್ಯನೊಬ್ಬ, "ಕಲ್ಲಿಲ್ಲ, ಕಾಗದ ಇಲ್ಲ. ಗುಲಾಮರಿಗೆ ಎಂಥ ಚರಿತ್ರೆ? ಇರೋದು ಒಬ್ಬ ಮುದುಕಿಯ ಹಾಡು" ಎಂದಾಗ ಕೆಲವರು ನಕ್ಕಿದ್ದರು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುವ ಡೆಲ್ಫೀನಳಿಗೆ ಆ ಹಾಡಿನ ಒಂದು ಸಾಲೂ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಅವಳ ಅಜ್ಜಿಯ ತಂಗಿ ಮೊಜೆಲ್ ಆ ಸಾಲುಗಳನ್ನು ಕಲಿಸಲು ಕೂರಿಸಿಕೊಂಡಾಗಲೆಲ್ಲ, ಸತ್ತವರ ಪಟ್ಟಿ ಕಟ್ಟಿಕೊಂಡು ತನಗೇನಾಗಬೇಕು ಎಂದು ಏಡಿ ಹಿಡಿಯಲು ಓಡಿದವಳು ಅವಳೇ.

ಅಕ್ಷರ ಕಲಿತ ಗುಲಾಮನ ಬೆನ್ನ ಮೇಲೆ ಚಾಟಿ ಬೀಳುತ್ತಿದ್ದ ಕಾಲದಲ್ಲಿ ಕಟ್ಟಿದ ಸಾಲುಗಳು ಅವು. ಬರೆದಿಟ್ಟವರಿಲ್ಲ. ಒಬ್ಬಳ ಬಾಯಿಂದ ಇನ್ನೊಬ್ಬಳ ಕಿವಿಗೆ ಇಳಿಯುತ್ತ ಬಂದು, ಈಗ ಎಂಬತ್ತೆಂಟರ ಮೊಜೆಲ್ ಒಬ್ಬಳಲ್ಲೇ ಉಳಿದಿದ್ದವು. ಅರವತ್ತಮೂರು ಹೆಸರು. ಹೆಸರಿಗೊಂದು ದಿಕ್ಕು, ದಿಕ್ಕಿಗಿಷ್ಟು ಹೆಜ್ಜೆ.

ಓಕ್ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮೊಜೆಲ್ ಇನ್ನೊಮ್ಮೆ ಮೊದಲಿಂದ ಎತ್ತಿದಳು. ದನಿ ಸಣ್ಣದು, ಆದರೆ ಒಂದಕ್ಷರವೂ ತೊದಲಲಿಲ್ಲ.

"ಓಕಿನ ಬುಡದಿಂದ ನೀರಿನ ಕಡೆಗೆ, ಒಂಬತ್ತು ಹೆಜ್ಜೆಗೆ ಬೈನಾ. ಭತ್ತದ ಗದ್ದೆಗೆ ತೂಬನು ಇಟ್ಟವಳು, ಮಗ್ಗುಲಲೊಂದು ಕೂಸು."

"ಒಂಬತ್ತೇ ಎಣಿಸ್ದೆ ಚಿಕ್ಕಜ್ಜಿ. ಮೂರು ಸಲವೂ."

"ಹಾಗಾದ್ರೆ ನೆಲ ಸುಳ್ಳು ಹೇಳ್ತಿದೆ."

ದ್ವೀಪದ ಚರ್ಚಿನ ಹಿರಿಯ ಹೆಜೆಕಾಯ ನಕ್ಕ. "ಮೊಜೆಲಕ್ಕ, ನೀನೊಬ್ಬಳೇ ಸರಿ, ಭೂಮಿ ತಾಯಿ ತಪ್ಪು."

"ನಿನ್ನ ಹಲ್ಲು ಮೊಳೆಯೋ ಮೊದ್ಲಿಂದ ಇದನ್ನ ಹೇಳ್ತಿದ್ದೀನಿ ಕಣೋ. ಸುಮ್ನಿರು."

ಡೆಲ್ಫೀನ್ ತನ್ನ ಕಾಲನ್ನು ನೋಡಿಕೊಂಡಳು. ಒಂಬತ್ತು ಹೆಜ್ಜೆ ಇಟ್ಟ ಗುರುತು ಮರಳಿನಲ್ಲಿ ಹಾಗೇ ಇತ್ತು. ಉದ್ದನೆಯ, ಬೀಸು ಹೆಜ್ಜೆಗಳು. ಹೊತ್ತಾಯಿತೆಂದು ಶಾಲೆಗೆ ಓಡುವವಳ ಹೆಜ್ಜೆಗಳು. ಅದೇಕೋ ತಂದೆಯನ್ನು ಮಣ್ಣಿಗಿಟ್ಟ ದಿನ ಕಣ್ಣ ಮುಂದೆ ಬಂತು. ಪೆಟ್ಟಿಗೆಗೆ ಅವಳೂ ಹೆಗಲು ಕೊಟ್ಟಿದ್ದಳು. ಆ ಭಾರದ ಕೆಳಗೆ ಕಾಲು ಮೇಲೇಳದೆ ಮರಳಿನಲ್ಲಿ ಜಾರುತ್ತ ಜಾರುತ್ತ ಸಾಗಿತ್ತು.

"ಚಿಕ್ಕಜ್ಜಿ, ಈ ಒಂಬತ್ತು ಹೆಜ್ಜೆ ಯಾರದು?"

ಮೊಜೆಲ್ ಕುರ್ಚಿಯಿಂದ ಮುಂದಕ್ಕೆ ಬಾಗಿ ಮರಳಿನ ಗುರುತುಗಳನ್ನು ನೋಡಿದಳು. "ಎಪ್ಪತ್ತು ವರ್ಷದಲ್ಲಿ ನಾನದನ್ನ ಕೇಳ್ಲೇ ಇಲ್ಲ ಮಗಳೇ."

"ಸುಮ್ನೆ ನಡೆದವರದಲ್ಲ. ಹೊತ್ತುಕೊಂಡು ನಡೆದವರದು," ಎಂದಳು ಡೆಲ್ಫೀನ್.

ಮೊಜೆಲ್ ಕುರ್ಚಿಯ ಕೈ ತಟ್ಟಿದಳು. "ಮತ್ತೇನು ನೋಡ್ತೀರಿ? ನನ್ನನ್ನೇ ಹೊತ್ಕೊಳ್ಳಿ. ಇವತ್ತಲ್ಲ ನಾಳೆ ಹೊರ್ಲೇಬೇಕಲ್ಲ, ಅಭ್ಯಾಸ ಆಗ್ಲಿ."

ಹೆಜೆಕಾಯ ದೋಣಿಯಿಂದ ಎರಡು ಹುಟ್ಟು ತಂದು ಕುರ್ಚಿಯ ಅಡಿಗೆ ಬಿಗಿದ. ಅವನು, ಅವನ ಇಬ್ಬರು ತಮ್ಮಂದಿರು, ಡೆಲ್ಫೀನ್, ನಾಲ್ವರೂ ಮೂಲೆಗೊಬ್ಬರು ನಿಂತು ಎತ್ತಿದರು. ಮುದುಕಿ ಹಕ್ಕಿಯಷ್ಟೇ ಇದ್ದರೂ ಮರಳು ಕಾಲನ್ನು ಹಿಡಿಯಿತು. ಹೆಜ್ಜೆ ತಾನಾಗಿ ಗಿಡ್ಡವಾಯಿತು. ಮೊಜೆಲ್ ಕಣ್ಣು ಮುಚ್ಚಿ ಹೇಳತೊಡಗಿದಳು. ಆ ಸಾಲುಗಳ ನಡಿಗೆಗೂ ಕಾಲಿನ ನಡಿಗೆಗೂ ಒಂದೇ ತಾಳವಾಗಿದ್ದುದು ಡೆಲ್ಫೀನಳಿಗೆ ಆಗ ತಿಳಿಯಿತು. ಒಂಬತ್ತಕ್ಕೆ ನಿಂತಾಗ ಅವಳ ಹಳೆಯ ಗುರುತಿನ ಅರ್ಧ ದಾರಿಯೂ ಆಗಿರಲಿಲ್ಲ.

ಪ್ರೂಯಿಟ್ ಸಲಾಕೆ ಊರಿದ. ಒತ್ತಲೇ ಇಲ್ಲ. ಅದು ಇಳಿಯಿತು, ಮೊಳ, ಎರಡು ಮೊಳ.

"ಮೆಲ್ಲಗೆ ಕಣಪ್ಪ," ಎಂದಳು ಮೊಜೆಲ್, ಕಣ್ಣು ತೆರೆಯದೆ. "ಮಲಗಿದ್ದಾಳೆ."

ಅವನು ತಟ್ಟನೆ ಕೈ ತೆಗೆದ. ಬಗ್ಗಿ ಕಿತ್ತಳೆ ಬಣ್ಣದ ಬಾವುಟವೊಂದನ್ನು ನೆಟ್ಟ. ಆಮೇಲೆ, ಯಾರೂ ಹೇಳದಿದ್ದರೂ, ಸಲಾಕೆಯನ್ನು ಎರಡು ಗೇಣು ಆಚೆಗೆ ಸರಿಸಿದ. ಅಲ್ಲಿಯೂ ಇಳಿಯಿತು. ಮೊಳದಷ್ಟಕ್ಕೆ ನಿಂತಿತು. ಕೂಸಿಗೆ ಬೇಕಾಗುವಷ್ಟೇ ಆಳ.

ಡೆಲ್ಫೀನ್ ಓಕಿನ ಬುಡದ ಕಡೆಗೆ ತಿರುಗಿ ನೋಡಿದಳು. ಕೆಲಸದ ಕೆಸರಿನ ಮೈಯಲ್ಲೇ ಬಂದು, ಬರಿಗಾಲಲ್ಲಿ, ಯಜಮಾನನ ಮರದಡಿಯಿಂದ ತಮ್ಮವಳನ್ನು ಹೊತ್ತುಕೊಂಡು ಹೋದವರು, ಹೊರುತ್ತಲೇ ಎಣಿಸಿದ್ದರು. ಕಲ್ಲಿಡಲು ಬಿಡದವರ ಕಣ್ಣೆದುರಿಗೇ ಗುರುತಿಟ್ಟಿದ್ದರು. ಒಂದು ದಿನ ಯಾರೋ ಬಂದು, ನೀವು ಇಲ್ಲಿರಲೇ ಇಲ್ಲ ಎನ್ನುತ್ತಾರೆಂದು ಅವರಿಗೆ ಆಗಲೇ ಗೊತ್ತಿತ್ತೇನೋ.

"ನಾವು ಇದ್ರೂ ಇರ್ಲಿಲ್ಲ ಅನ್ನೋದಕ್ಕೆ ಆ ಸಭೆಯವ್ರಿಗೆ ಏನೂ ಗೊತ್ತಿರ್ಬೇಕಾಗಿಲ್ಲ," ಎಂದಳು ಮೊಜೆಲ್ ಅವಳಿಗಷ್ಟೇ ಕೇಳುವ ಹಾಗೆ. "ಇದ್ವಿ ಅನ್ನೋದಕ್ಕೆ ನಮಗೆ ಎಲ್ಲಾ ಗೊತ್ತಿರ್ಬೇಕು. ಅದಕ್ಕೇ ಕಣೇ ನಿನ್ನ ಕರೀತಿದ್ದೆ, ನೀನು ಏಡಿ ಹಿಡೀತಿದ್ದೆ."

"ಈಗ ಹೇಳ್ಕೊಡು ಚಿಕ್ಕಜ್ಜಿ."

ಎಡಕ್ಕೆ ನಾಲ್ಕು ಹೆಜ್ಜೆಗೆ ಕ್ವಾಶ್, ದೋಣಿ ಕೆತ್ತಿದವನು. ಆಚೆಗೆ ಐದಕ್ಕೆ ಮಿಂಡಾ, ಮೂರು ಸಲ ಮಾರಾಟವಾದವಳು. ಮೊಜೆಲ್ ಒಂದು ಸಾಲು ಹೇಳಿದರೆ ಡೆಲ್ಫೀನ್ ಅದನ್ನೇ ಹಿಂದೆ ಹೇಳಿ ಹೆಜ್ಜೆ ಇಟ್ಟಳು. ಒಂದೊಂದು ಹೆಸರಿಗೂ ನೆಲ ಬಾಗಿಲು ತೆರೆದ ಹಾಗೆ ತೆರೆಯಿತು.

ಹನ್ನೊಂದು ಬಾವುಟವಾದಾಗ ಪ್ರೂಯಿಟನ ಫೋನು ಹೊಡೆದುಕೊಂಡಿತು. "ಇಲ್ಲ ಸರ್. ವರದಿ ಆಗಿಲ್ಲ," ಎಂದ. "ಬೇಕಿದ್ರೆ ಸಭೆಯವರೇ ಇಲ್ಲಿಗೆ ಬರ್ಲಿ." ಫೋನನ್ನು ಜೇಬಿಗಿಟ್ಟು ಮುಂದಿನ ಜಾಗಕ್ಕೆ ಬಂದ. ಸಲಾಕೆಯನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದು ನಿಂತ.

"ಯಾಕಪ್ಪ ನಿಂತೆ?" ಎಂದ ಹೆಜೆಕಾಯ.

"ಹೆಸರು ಹೇಳ್ಲಿ."

ಹೊತ್ತವರ ಭುಜ ನಡುಗುತ್ತಿತ್ತು. ಸ್ವಲ್ಪ ಇಳಿಸಲೇ ಎಂದು ಡೆಲ್ಫೀನ್ ಕೇಳಿದಾಗ ಮುದುಕಿ ಬೇಡವೆಂದು ತಲೆ ಆಡಿಸಿದಳು.

"ಇಳಿಸ್ಬೇಡಿ. ಇನ್ನೂ ಐವತ್ತೆರಡು ಜನ ಇದ್ದಾರೆ."