ಕುಬಸದ ಹಸಿರು ಬಳೆ

ಗಂಡಸರಿಗೆ ಬರೂ ರೋಗ ಇಕಿಗ್ಯಾಕ ಬಂತು — ಅತ್ತೆ ನಿಂಬೆವ್ವ ದವಾಖಾನೆಯ ಗೋಡೆಗೆ ಕೇಳುತ್ತಿದ್ದಾಳೆ, ನಾನು ಕೇಳಿಸಿಕೊಳ್ಳುತ್ತಿದ್ದೇನೆ, ಕೇಳಿಸಿಕೊಳ್ಳುವುದೇ ನನಗೆ ರೂಢಿ, ನರೋಣಾದ ತವರಿನಲ್ಲಿ ಅಜ್ಜ ವಚನ ಅನ್ನುವಾಗ ಕಂಬಕ್ಕೊರಗಿ ಕೇಳುತ್ತಿದ್ದೆ, ಡಾಕ್ಟರ್ ಅಂದದ್ದನ್ನೂ ಹಾಗೆಯೇ ಕೇಳಿದೆ, ಅಪರೂಪದ ರಕ್ತದ ಕ್ಯಾನ್ಸರ್ ಅದ ತಂಗಿ, ನಾಕೈದು ಗಂಡಸರಿಗೆ ಬಂದ್ರ ಒಬ್ಬಾಕಿ ಹೆಣ್ಮಗಳಿಗೆ ಬರತದ, ಅದೂ ಐವತ್ತು ದಾಟಿದ ಮ್ಯಾಲ, ನಿನಗ ಬರೇ ಮೂವತ್ನಾಕು, ಹೊಟ್ಟ್ಯಾಗ ಎಡಕ್ಕ ಬಾತದ್ದು ಗುಲ್ಮ, ಕೂಸಲ್ಲ — ಕೂಸಲ್ಲ, ಮತ್ತೆ ಅತ್ತೆಯ ದನಿ, ಗಂಡಸರಿಗೆ, ಐವತ್ತು ದಾಟಿದವರಿಗೆ ಬರೂದಂತ, ಅಂದ್ರ ನಮ್ಮ ಯಜಮಾನರ ಪಾಲಿಂದು ಇಕಿ ತಗೊಂಡಾಳ, ಇರಲಿ, ಇದೊಂದು ಛಲೋ ಕೆಲಸ ಮಾಡಿದ್ಲು — ಮಾವ ಹಣಮಂತ್ರಾಯರಿಗೆ ಅರವತ್ತೊಂದು, ಕರಜಗಿಯಲ್ಲಿ ಈಗಲೂ ಕಬ್ಬಿಗೆ ನೀರು ಬಿಡುತ್ತಿರಬೇಕು, ಹನ್ನೆರಡು ವರ್ಷ ಖಾಲಿ ಇದ್ದ ನನ್ನ ಹೊಟ್ಟೆ ಎದ್ದಾಗ, ಮುಟ್ಟು ನಿಂತಾಗ, ಇದೇ ಅತ್ತೆ ಕೈಯಿಟ್ಟು ನೋಡಿದ್ದಳು, ಎಡಕ್ಕ ಕುಂತದ, ಹೆಣ್ಣೇ, ಆಗಲಿ, ಬಂಜಿ ಅನ್ನೂದಾರ ತಪ್ಪಿತು, ಕುಬಸ ಆಗೂ ತನಕ ದವಾಖಾನಿ ಬ್ಯಾಡ, ಮಂದಿ ಕಣ್ಣು ಬಿದ್ದು ನಜರ್ ಆಗತದ, ಐದನೇ ತಿಂಗಳಲ್ಲಿ ಬಸುರಿಯ ಕುಬಸ ಮಾಡಿದರು, ಉಡಿ ತುಂಬಿದರು, ಎರಡು ತುತ್ತು ಹೋಳಿಗೆಗೇ ಹೊಟ್ಟೆ ಬಿಗಿಯಿತು, ಕೂಸಿಗೆ ಜಾಗ ಸಾಲವಲ್ದು ಎಂದು ಹೆಂಗಸರು ನಕ್ಕರು, ಬಳೆಗಾರ್ತಿ ಶಮಶಾದ ನಗಲಿಲ್ಲ, ಹಸಿರು ಬಳೆ ಏರಿಸುತ್ತ ಸಣ್ಣಗೆ ಅಂದಳು, ಬಸುರಿ ಕೈ ಉಬ್ಬತಾವ ಬೇಟಿ, ನಿನ್ನವು ನೋಡು, ಬಳಿ ನಿಲ್ಲವಲ್ವು — ನಿಲ್ಲಲಿಲ್ಲ, ಕೈ ಎತ್ತಿದರೆ ಮೊಣಕೈಗೆ, ಇಳಿಸಿದರೆ ಹಸ್ತಕ್ಕೆ, ಮಧ್ಯಾಹ್ನ ಯಾರೂ ಇಲ್ಲದಾಗ ಎಡಗಡೆ ಆ ಕೈಯಿಟ್ಟು ಅಜ್ಜನ ವಚನಗಳನ್ನೆಲ್ಲ ಅದಕ್ಕೆ ಹೇಳಿದೆ, ಜೀವಮಾನವೆಲ್ಲ ಕೇಳಿದವಳು ಮೊದಲ ಸಲ ಬಾಯಿಬಿಟ್ಟು ಹೇಳಿದೆ, ಗುಲ್ಮಕ್ಕೆ, ಬಾತ ಗುಲ್ಮಕ್ಕೆ, ಅದು ಕೇಳಿಸಿಕೊಂಡು ಇನ್ನಷ್ಟು ಬಾತಿತು, ಏಳು ದಿನ ಔಷಧದ ಬಾಟಲಿ ಏರಿಸಿದ್ರ ಬಾಳ ವರ್ಷ ಬದುಕತೀ ತಂಗಿ, ಡಾಕ್ಟರ್ ಅಂದಿದ್ದರು, ಇವತ್ತೇ ಹಚ್ಚೂನು, ಮನಿ ಮಂದೀದು ಒಂದು ಸಹಿ ಆಗಲಿ, ಕಾಗದ ನನ್ನ ಗಂಡ ಗುರುಶಾಂತನ ತೊಡೆಯ ಮೇಲಿದೆ, ಪೆನ್ನು ಬೆರಳಲ್ಲಿದೆ, ಕಣ್ಣು ಅವನ ಅವ್ವನ ಮೇಲಿದೆ, ಅವ್ವ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು, ನೋಡ ಬೇ, ಊರ ಮಂದಿ ಉಂಡು ಹೋಗ್ಯಾರ, ಮುದುಕರ ರೋಗಕ್ಕ ಕುಬಸ ಮಾಡಿದ್ರಂತ ನಗಬಾರದು, ಕೂಸಿತ್ತು, ಕಾಲು ಜಾರಿ ಬಿದ್ದೆ, ನನ್ನ ತಪ್ಪಿಲೆ ಹೋತು ಅನ್ನು, ಮಾವಗ ನಿನ್ನ ಬಾಯಿಲೇ ಹೇಳು, ಆಮ್ಯಾಲ ಅವ ಸಹಿ ಮಾಡ್ತಾನ — ಹೇಳಿಬಿಡು ಶಿವಗಂಗಾ, ಒಂದ ಮಾತು, ಗುರುಶಾಂತ ಪೆನ್ನಿನ ತುದಿ ನೋಡುತ್ತ ಅಂದ, ಒಂದೇ ಮಾತು, ವಚನದ ಒಂದು ಮಾತಿಗೆ ಮುಂಚೆ ಅಜ್ಜ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂಡುತ್ತಿದ್ದ, ಅತ್ತೆ ಹಚ್ಚಿದ ಫೋನು ಕಿವಿಗೆ ಬಂತು, ನನ್ನ ಕೈಯೇ ಹಿಡಿಯಿತು, ಅಲ್ಲಿಂದ ಮಾವ, ಹೇಳವ್ವಾ, ಎಲ್ಲಾ ಆರಾಮ ಅದಲ್ಲ, ಕೂಸು ಹೆಂಗದ, ಹಸಿರು ಬಳೆ ಮೊಣಕೈಗೆ ಜಾರಿತು, ಪೆನ್ನು ಕಾಗದದ ಮೇಲೆ ನಿಂತಿದೆ, ಬಳೆ, ಹಸಿರು ಬಳೆ, ಮೊಣಕೈಯಲ್ಲಿ — ಫೋನು ಅತ್ತೆಯ ಕೈಗೆ ತಿರುಗಿ ಕೊಟ್ಟೆ, ಬಳೆ ಹಸ್ತಕ್ಕೆ ಬಂದು ನಿಂತಿತು, ಇಲ್ಲರಿ ಅತ್ತಿ, ನಾ ಹೇಳಂಗಿಲ್ಲ.