ಬೋಗುಣಿಯೊಳಗಿನ ನೀಲಿ

ಬೋಗುಣಿಯ ನೀರು ಆರಿ, ತಣ್ಣಗಾಗಿ, ಈಗ ಕೊರೆಯುತ್ತಿದೆ, ಅವಳ ಮಣಿಕಟ್ಟಿಗೇ ಹೀಗಾದರೆ ಮಗುವಿನ ಕಾಲಿನ ಗತಿ ಏನು, ಮೊನ್ನೆಯಷ್ಟೇ ಜ್ವರ ಬಿಟ್ಟ ಮೈ — ಅಲ್ಲಾಡಬೇಡ ಅಂದೆನಲ್ಲ, ಅಂತ ಕ್ಯಾನ್ವಾಸಿನ ಹಿಂದಿನಿಂದ ಗಂಡನ ದನಿ, ಮುಖ ಕಾಣದು, ಬೋಳಾಗುತ್ತಿರುವ ನೆತ್ತಿ ಮಾತ್ರ, ಯಾರು ಅಲ್ಲಾಡಿದರು ಮಹಾರಾಯ, ಉಸಿರಾಡಿದ್ದು ಅಷ್ಟೇ, ಅದಕ್ಕೂ ಅಪ್ಪಣೆ ಬೇಕೇ. ಅಮ್ಮಾ, ಸಾಕು, ಅಂತ ತೊಡೆಯ ಮೇಲಿನ ಮಗಳು, ಇನ್ನೊಂಚೂರು ಗುಬ್ಬಿ, ಅಂತ ಅವಳೇ ಅನ್ನುತ್ತಾಳೆ, ಅಂದದ್ದಕ್ಕೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬರುತ್ತದೆ. ದಿನಾ ಮಾಡುವ ಕೆಲಸ, ಕಾಲು ತೊಳೆದು, ಒರೆಸಿ, ಹೊದಿಕೆಯೊಳಗೆ ತಳ್ಳಿದರೆ ಮುಗಿಯಿತು, ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿ ಇವನಿಗೆ ತಲೆ ಕೆಟ್ಟಿತು, ಎಷ್ಟು ಸಹಜವಾಗಿದೆ, ಚಿತ್ರ ಬರೀತೀನಿ, ಹಾಗೇ ಇರು ಅಂದ, ಸಹಜವಾದದ್ದು ಹಾಗೇ ಇರುತ್ತದೆಯೇ, ಅವತ್ತಿನಿಂದ ಸಂಜೆಯಾದರೆ ಸಾಕು, ಅದೇ ಬೋಗುಣಿ, ಅದೇ ಪಟ್ಟೆ ಅಂಗಿ. ಬಿಸಿನೀರು ಬೆರೆಸ್ತೀನಿ ರೀ, ಬೇಡ, ಹಬೆ ಎದ್ರೆ ಎಲ್ಲ ಮಸುಕಾಗುತ್ತೆ, ಬೆಳಕು ಹೋಗ್ತಾ ಇದೆ — ಬೆಳಕು ನಾಳೆ ಬರುತ್ತೆ, ಜ್ವರ ಮರುಕಳಿಸಿದರೆ ರಾತ್ರಿಯೆಲ್ಲ ಕೂರೋರು ಯಾರು, ಅನ್ನಲಿಲ್ಲ, ನುಂಗಿಕೊಂಡಳು, ನುಂಗಿ ನುಂಗಿ ಹೊಟ್ಟೆ ತುಂಬಿದೆ. ಮದುವೆಯ ಹೊಸದರಲ್ಲಿ ಮೇಜಿನ ಮೇಲೆ ಮೊಟ್ಟೆಯಿಟ್ಟು, ನೆರಳು ಯಾವ ಬಣ್ಣ ಹೇಳು ಅಂದಿದ್ದ, ಕಪ್ಪು ಅಂದಳು, ನಕ್ಕ, ಸರಿಯಾಗಿ ನೋಡು, ನೋಡಿದಳು, ಹೌದು, ನೀಲಿ, ಆಮೇಲೆ ಒಣಹಾಕಿದ ಬಟ್ಟೆಯ ಮಡಿಕೆಯಲ್ಲಿ, ಹಾಲಿನ ಪಾತ್ರೆಯ ಅಂಚಿನಲ್ಲಿ, ಎಲ್ಲೆಲ್ಲೂ ನೀಲಿ, ಎಷ್ಟು ಹಿಗ್ಗಿದ್ದಳು — ಈಗ ಮಗಳ ಕಾಲ್ಬೆರಳು ನೀಲಿ, ಉಗುರಿನ ಬುಡದಲ್ಲಿ, ಇದು ನೆರಳೋ ಚಳಿಯೋ, ಹೆತ್ತವಳಿಗೇ ಗೊತ್ತಾಗುತ್ತಿಲ್ಲವಲ್ಲ, ಕಣ್ಣನ್ನೂ ಇವನಿಗೆ ಒಪ್ಪಿಸಿ ಕೂತೆನಲ್ಲ. ಆ ನೀಲಿ, ಅಂದ ಗಂಡ, ಇಷ್ಟು ದಿನ ಇದಕ್ಕೇ ಕಾಯ್ತಿದ್ದೆ ಕಣೇ, ಬಂತು ನೋಡು.

ಎದ್ದಳು, ಬೋಗುಣಿ ಉರುಳಿತು, ಮಗಳ ಪಾದಗಳನ್ನು ಅಂಗಿಯೊಳಗೆ ತನ್ನ ಹೊಟ್ಟೆಗೆ ಒತ್ತಿಕೊಂಡಳು, ಚಳಿಯೇ, ನೆರಳಲ್ಲ, ನೆರಳು ಹೀಗೆ ಕೊರೆಯುವುದಿಲ್ಲ — ಏನೇ ಇದು, ಇನ್ನೊಂಚೂರಿತ್ತು, ಕೂತ್ಕೋ, ಕೂರೋದಿಲ್ಲ, ಈ ಸಲ ಮಾತು ಗಟ್ಟಿಯಾಗಿಯೇ ಹೊರಗೆ ಬಂತು. ದಾಟಿ ಹೋಗುವಾಗ ಕ್ಯಾನ್ವಾಸು ಕಣ್ಣಿಗೆ ಬಿತ್ತು, ಹತ್ತಿರದಿಂದ ಬರೀ ಬಣ್ಣದ ಮುದ್ದೆ, ಹಿಂದೆ ಸರಿದರೆ ಮಗಳ ಕಾಲು, ಚೆನ್ನಾಗಿದೆ, ಹಾಳಾದ್ದು, ಎಷ್ಟು ಚೆನ್ನಾಗಿದೆ, ನೋಡಿದವರು ತಾಯಿಯ ಕೈ ಎಷ್ಟು ಮೆತ್ತಗೆ ಅನ್ನುತ್ತಾರೆ — ಹೊಟ್ಟೆಯ ಮೇಲಿನ ಕಾಲು ಬೆಚ್ಚಗಾಗುತ್ತಿದೆ, ಕ್ಯಾನ್ವಾಸಿನಲ್ಲಿ ಮಾತ್ರ ಆ ಕೈ, ತನ್ನದೇ ಕೈ, ಇನ್ನೂ ಹಿಡಿದೇ ಇದೆ, ನೀರಿನೊಳಗೆ, ಬಿಡುತ್ತಿಲ್ಲ, ಪುಟ್ಟ ಬೆರಳುಗಳು, ನೀಲಿ.